ಕುರ್ಚಿ ಮೇಲೆ ಕೂತವ ಯಾಕೆ ಏಳಲಿಲ್ಲ?
ಮರಕುಂಬಿಯ ತೀರ್ಪು ಬಂತು, ಜಾಮೀನೂ ಬಂತು. ಊರಿನ ಬಾಯಿ ಮಾತ್ರ ಇನ್ನೂ ಬಿಡಲಿಲ್ಲ

ಕೊಪ್ಪಳ: ಕಟಿಂಗ್ ಅಂಗಡಿ ಎಂದರೆ ಏನೇನಿರುತ್ತದೆ? ಒಂದು ಕನ್ನಡಿ, ಒಂದು ಕುರ್ಚಿ, ಗೋಡೆಗೆ ದೇವರ ಕ್ಯಾಲೆಂಡರು. ಕುರ್ಚಿ ಮೇಲೆ ಒಬ್ಬ, ಬೆಂಚಿನ ಮೇಲೆ ಇಬ್ಬರು. ಬೆಂಚಿನ ಮೇಲಿನವರು ನಿನ್ನೆಯ ಪೇಪರು ಓದುತ್ತ, ಊರ ಸುದ್ದಿ ಮಾತಾಡುತ್ತ ತಮ್ಮ ಪಾಳಿಗೆ ಕಾಯುತ್ತಾರೆ. ಅಷ್ಟರಲ್ಲಿ ಕೇರಿಯ ಹುಡುಗನೊಬ್ಬ ಬಾಗಿಲಿಗೆ ಬರುತ್ತಾನೆ. ‘ನಿಮಗ ಇಲ್ಲಿ ಮಾಡಂಗಿಲ್ಲಪ’ ಎನ್ನುತ್ತಾನೆ ಅಂಗಡಿಯವ. ಹುಡುಗ ಹೊರಟುಹೋಗುತ್ತಾನೆ. ಕುರ್ಚಿ ಮೇಲಿದ್ದವನ ಗಲ್ಲಕ್ಕೆ ಸೋಪಿನ ನೊರೆ ಹತ್ತಿರುತ್ತದೆ. ಆತ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಿಕೊಳ್ಳುತ್ತ ಸುಮ್ಮನೆ ಕೂತಿರುತ್ತಾನೆ.

ಇದು ಯಾವ ಊರು ಎಂದು ಕೇಳಬೇಡಿ. ಈ ಸೀಮೆಯ ಯಾವ ಊರಿನ ಹೆಸರು ಹಾಕಿದರೂ ನಡೆದೀತು.

2024ರ ಆಗಸ್ಟ್ 17ರಂದು, ಸ್ವಾತಂತ್ರ್ಯ ದಿನದ ಬಾವುಟ ಇಳಿಸಿ ಎರಡು ದಿನ ಆಗಿತ್ತು. ಯಲಬುರ್ಗಾ ತಾಲೂಕಿನ ಸಂಗನಾಳದಲ್ಲಿ ಕಟಿಂಗ್ ಮಾಡಿಸಲು ಹೋದ 26ರ ಹರೆಯದ ದಲಿತ ಯುವಕ ಹೆಣವಾಗಿ ಬಿದ್ದ. ಕಟಿಂಗ್ ಮಾಡುವುದಿಲ್ಲ ಎಂಬ ಮಾತಿಗೆ ಮಾತು ಬೆಳೆದು ಕತ್ತರಿ ಹೊಟ್ಟೆಗಿಳಿಯಿತು ಎಂಬುದು ದೂರು. ಪೊಲೀಸರು ಆರೋಪಿಯನ್ನು ಹಿಡಿದು ಕೊಲೆ ಹಾಗೂ ದೌರ್ಜನ್ಯ ತಡೆ ಕಾಯ್ದೆಯ ಕೇಸು ಹಾಕಿದರು. ಆ ಕತ್ತರಿಯ ಲೆಕ್ಕವನ್ನು ಕೋರ್ಟು ನೋಡಿಕೊಳ್ಳಲಿ. ಆದರೆ ‘ನಿಮಗ ಮಾಡಂಗಿಲ್ಲ’ ಎಂಬ ಮಾತು ಆ ಒಂದು ದಿನ ಹುಟ್ಟಿದ್ದಲ್ಲವಲ್ಲ.

ಕ್ಷೌರಿಕನೊಬ್ಬನನ್ನೇ ಬೈದು ಕೈ ತೊಳೆದುಕೊಳ್ಳುವುದು ಸುಲಭ. ಅವನೂ ಊರಿನ ಹಂಗಿನಲ್ಲೇ ಬದುಕುವವ. ಹಿಂದೆ ಆಯದ ಕಾಳು, ಈಗ ರೊಕ್ಕ. ಕೊಡುವ ಕೈ ಮಾತ್ರ ಅದೇ. ಕೇರಿಯವರ ತಲೆಗೆ ಮುಟ್ಟಿಸಿದ ಕತ್ತರಿ ತಮ್ಮ ತಲೆಗೆ ಬೇಡ ಎಂದು ಊರ ದೊಡ್ಡವರು ನಾಲ್ಕು ದಿನ ಅಂಗಡಿ ಕಡೆ ಬಾರದಿದ್ದರೆ ಅವನ ಮನೆಯ ಒಲೆ ಆರುತ್ತದೆ. ಹೀಗಾಗಿ ಅವನ ಬಾಯಲ್ಲಿ ಬಂದ ಮಾತು ಅವನೊಬ್ಬನದೇ ಅಲ್ಲ, ಅರ್ಧಕ್ಕರ್ಧ ಊರಿನದು. ಅದನ್ನು ವಾಪಸು ತೆಗೆದುಕೊಳ್ಳುವ ಶಕ್ತಿ ಇರುವುದು ಕುರ್ಚಿ ಮೇಲಿದ್ದವನಿಗೆ. ‘ಮೊದಲ ಅವಂದು ಮಾಡು, ಆಮ್ಯಾಲೆ ನಂದು’ ಎಂದು ಆತ ಎದ್ದು ನಿಂತರೆ ಮುಗಿಯಿತು. ಅದಕ್ಕೆ ಕಾಯ್ದೆ ಬೇಡ, ಡಿ.ಸಿ. ಸಾಹೇಬರೂ ಬೇಡ.

ಏಳುವವರು ಎಷ್ಟು ಜನ? ಕಟ್ಟೆಗಳ ಮೇಲೆ ಕೇಳಿ ಬರುವ ಮಾತೇ ಬೇರೆ. ‘ಊರ ಉಸಾಬರಿ ನಮಗ್ಯಾಕ?’ ‘ನಾಳೆ ಅದ ಊರಾಗ ಬಾಳೇವು ಮಾಡಬೇಕಲ್ರಿ.’ ‘ಬಾಯಿ ಬಿಟ್ಟರೆ ಬಣ್ಣಗೇಡು.’

ಮರಕುಂಬಿಯ ಆ ರಾತ್ರಿ

ಗಂಗಾವತಿ ತಾಲೂಕಿನ ಮರಕುಂಬಿಯ ಹೆಸರು 2014ರ ಆಗಸ್ಟಿನಲ್ಲಿ ರಾಜ್ಯದ ಎಲ್ಲ ಪೇಪರುಗಳಲ್ಲೂ ಬಂತು. ಅಲ್ಲಿಯೂ ಮೊದಲಿದ್ದದ್ದು ಇದೇ ಕಟಿಂಗ್ ಅಂಗಡಿ, ಇದೇ ಚಹಾದ ಹೋಟೆಲು. ದಲಿತರಿಗೆ ಎರಡರಲ್ಲೂ ಪ್ರವೇಶವಿಲ್ಲ ಎಂಬ ತಕರಾರು ಊರಲ್ಲಿ ಹೊಗೆಯಾಡುತ್ತಿತ್ತು. ಅಷ್ಟರಲ್ಲಿ ಊರ ಹುಡುಗರು ಸಿನಿಮಾ ನೋಡಲು ಗಂಗಾವತಿಗೆ ಹೋದರು. ಟಾಕೀಜಿನಲ್ಲಿ ಟಿಕೆಟ್ಟಿಗಾಗಿ ಜಗಳವಾಯಿತು. ಜಗಳ ಊರಿಗೆ ಮರಳಿ ಬರುವಾಗ ಜಾತಿಯ ಅಂಗಿ ತೊಟ್ಟು ಬಂತು. ಆಗಸ್ಟ್ 28ರಂದು ಗುಂಪು ಕೇರಿಗೆ ನುಗ್ಗಿತು. ಗಂಡಸರು ಹೆಂಗಸರೆನ್ನದೆ ಹೊಡೆದರು. ಗುಡಿಸಲುಗಳಿಗೆ ಬೆಂಕಿ ಬಿತ್ತು.

ನೂರಕ್ಕೂ ಹೆಚ್ಚು ಜನ ಬಡಿಗೆ ಕಲ್ಲು ಹಿಡಿದು ಹೊರಟರೆ ಊರಿಗೆ ಗೊತ್ತಾಗದೆ ಇರುತ್ತದೆಯೇ? ಕೇಸಿನಲ್ಲಿ ಹೆಸರಿದ್ದವರು 117 ಜನ. ಊರೆಂದರೆ 117 ಜನರೇ ಅಲ್ಲ. ಅವರಿಗೆ ಅವ್ವಂದಿರಿದ್ದರು, ಕಾಕಂದಿರಿದ್ದರು, ಅಕ್ಷರ ಕಲಿಸಿದ ಮಾಸ್ತರರಿದ್ದರು, ಓಟು ಹಾಕಿಸಿಕೊಂಡ ಮೆಂಬರುಗಳಿದ್ದರು. ಬೆಂಕಿ ಹಚ್ಚದವರ ಸಂಖ್ಯೆ ಹಚ್ಚಿದವರಿಗಿಂತ ಯಾವತ್ತೂ ದೊಡ್ಡದೇ. ಆದರೆ ಕೋರ್ಟಿನ ಕಾಗದದಲ್ಲಿ ಅವರಿಗೆ ಕಾಲಮ್ಮೇ ಇಲ್ಲ. ಆರೋಪಿಯೂ ಅಲ್ಲ, ಸಾಕ್ಷಿಯೂ ಅಲ್ಲ. ಸುಮ್ಮನಿದ್ದವರು, ಅಷ್ಟೇ.

ಆ ಮೇಲೆ ಪೊಲೀಸರು ತಿಂಗಳುಗಟ್ಟಲೆ ಊರು ಕಾದರು. ದಲಿತ ಸಂಘಟನೆಗಳು, ಎಡಪಕ್ಷದವರು ಗಂಗಾವತಿ ಠಾಣೆಯ ಮುಂದೆ ಕೂತರು. ನ್ಯಾಯ ಕೇಳಲು ಮರಕುಂಬಿಯಿಂದ ಬೆಂಗಳೂರಿನವರೆಗೆ ಪಾದಯಾತ್ರೆ ಹೊರಟಿತು. ಹೋರಾಟದ ಮುಂದಾಳಾಗಿದ್ದ, ಕೇಸಿನಲ್ಲಿ ಮುಖ್ಯ ಸಾಕ್ಷಿಯಾಗಿದ್ದ ಊರಿನ ದಲಿತ ಯುವಕ 2015ರಲ್ಲಿ ಕೊಲೆಯಾಗಿ ಹೋದ.

ಇಷ್ಟಾದ ಮೇಲೆ ಉಳಿದ ಸಾಕ್ಷಿದಾರರು ಏನು ಮಾಡಬೇಕಿತ್ತು? ‘ನಾವು ಏನೂ ನೋಡಿಲ್ರಿ ಸಾಹೇಬ್ರ’ ಎಂದು ಕೈಮುಗಿದು ಇಳಿದಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಎಲ್ಲ ಕಡೆ ಆಗುವುದೇ ಅದು. ಕೋಲಾರ ಸೀಮೆಯ ಕಂಬಾಲಪಲ್ಲಿ ಗೊತ್ತಲ್ಲ? 2000ದ ಮಾರ್ಚ್ 11ರಂದು ಅಲ್ಲಿ ಏಳು ಜನ ದಲಿತರನ್ನು ಮನೆಯೊಳಗೇ ಸುಟ್ಟರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಕಣ್ಣಾರೆ ಕಂಡವರೇ ಕೋರ್ಟಿನಲ್ಲಿ ಉಲ್ಟಾ ಹೊಡೆದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಹೆಣ ಬಿದ್ದಿದ್ದು ಖರೆ, ಕೊಂದವರು ಯಾರೂ ಇಲ್ಲ! ಅದೇ ವರ್ಷ ಮರಕುಂಬಿ ಉರಿಯಿತು. ಇದೂ ಇನ್ನೊಂದು ಕಂಬಾಲಪಲ್ಲಿ ಆಗುತ್ತದೆಂದು ಲೆಕ್ಕ ಹಾಕಿದವರು ಆಗ ಬಹಳ ಜನ ಇದ್ದರು.

ಲೆಕ್ಕ ತಪ್ಪಿತು. ಸಾಕ್ಷಿದಾರರು ಕೊಪ್ಪಳದ ಕೋರ್ಟಿಗೆ ಬಂದರು. ಒಂದು ಸಲವಲ್ಲ, ಹತ್ತು ವರ್ಷ. ಮರಕುಂಬಿಯಿಂದ ಗಂಗಾವತಿ, ಗಂಗಾವತಿಯಿಂದ ಕೊಪ್ಪಳ, ಬಸ್ಸು ಬದಲಿಸಿ ಬರುವ ದಾರಿ. ಆರೋಪಿಗಳೂ ಅದೇ ದಾರಿ ಹಿಡಿದು ಬರಬೇಕು. ಕೋರ್ಟಿನ ವಾಯ್ದೆಗೆ ಒಂದು ದಿನದ ಕೂಲಿ ಹೋಗುತ್ತದೆ, ಎರಡು ಕಡೆಯದೂ. ಭತ್ತದ ನಾಟಿಯ ದಿನಗಳಲ್ಲಿ ವಾಯ್ದೆ ಬಿದ್ದರೆ ಕೂಲಿಯವರ ಸಂಕಟ ಕೂಲಿಯವರಿಗೇ ಗೊತ್ತು. ನೂರೊಂದು ಜನರ ಕಣ್ಣೆದುರು ಕಟಕಟೆ ಹತ್ತಿ, ಇಂಥವನೇ ಹೊಡೆದ, ಇಂಥವನೇ ಕಡ್ಡಿ ಗೀರಿದ ಎಂದು ಬೊಟ್ಟು ಮಾಡುವುದು ಹುಡುಗಾಟವಲ್ಲ. ಅದೇ ಸಂಜೆ ಅದೇ ಊರಿಗೆ ಹೋಗಿ ಮಲಗಬೇಕು.

ನೂರೊಂದು ಜನ, ಒಂದು ತೀರ್ಪು

2024ರ ಅಕ್ಟೋಬರ್ 24ರಂದು ಕೊಪ್ಪಳದ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶರಾದ ಸಿ. ಚಂದ್ರಶೇಖರ್ ಅವರು ಶಿಕ್ಷೆ ಓದಿದರು. ಅಷ್ಟರೊಳಗೆ ಆರೋಪಿಗಳಲ್ಲಿ ಕೆಲವರು ತೀರಿಹೋಗಿದ್ದರು. ಉಳಿದ 101 ಜನರೂ ತಪ್ಪಿತಸ್ಥರು. 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷದ ಕಠಿಣ ಸಜೆ. ಆ ಮೂವರು ಪರಿಶಿಷ್ಟ ಜಾತಿ-ಪಂಗಡದವರೇ ಆದ್ದರಿಂದ ದೌರ್ಜನ್ಯ ತಡೆ ಕಾಯ್ದೆ ಅವರಿಗೆ ತಾಗಲಿಲ್ಲ. ಇದನ್ನು ಎರಡು ಸಲ ಓದಿ. ಕೇರಿ ಸುಡಲು ಹೋದವರ ಜತೆ ದಬ್ಬಾಳಿಕೆ ಉಂಡ ಸಮಾಜದವರೂ ಇದ್ದರು. ಗುಂಪು ಎಂಬುದು ಹಾಗೆಯೇ, ಒಮ್ಮೆ ಹೊರಟರೆ ಯಾರನ್ನೂ ಬಿಡುವುದಿಲ್ಲ.

ಇಷ್ಟು ಜನರಿಗೆ ಜೀವಾವಧಿ ಹೇಗೆ ಎಂದು ಅನೇಕರು ಹುಬ್ಬೇರಿಸಿದರು. ಸತ್ತವರಿಲ್ಲದ ಕೇಸಿಗೆ ಇಷ್ಟು ಶಿಕ್ಷೆಯೇ ಎಂಬುದು ಅವರ ಮಾತು. ಕಾಯ್ದೆ ಓದಿದರೆ ಗೊತ್ತಾಗುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ, ಪರಿಶಿಷ್ಟರು ವಾಸಿಸುವ ಮನೆಯನ್ನು ನಾಶ ಮಾಡುವ ಉದ್ದೇಶದಿಂದ ಬೆಂಕಿ ಇಟ್ಟರೆ ಶಿಕ್ಷೆ ಜೀವಾವಧಿಯೇ. ಅದಕ್ಕಿಂತ ಕಮ್ಮಿ ಎಂಬ ಮಾತೇ ಆ ಕಲಮಿನಲ್ಲಿಲ್ಲ. ಇನ್ನು ಕಡ್ಡಿ ಗೀರಿದವನೊಬ್ಬ, ಹಿಂದೆ ನಿಂತು ಕೂಗಿದವ ಇನ್ನೊಬ್ಬ ಎಂಬ ವಾದಕ್ಕೆ ಹಳೆಯ ಐ.ಪಿ.ಸಿ.ಯ 149ನೇ ಕಲಮು ಉತ್ತರ ಕೊಡುತ್ತದೆ. ಒಂದೇ ಉದ್ದೇಶ ಇಟ್ಟುಕೊಂಡು ಕೂಡಿದ ಅಕ್ರಮ ಕೂಟದಲ್ಲಿ ಒಬ್ಬ ಮಾಡಿದ್ದು ಎಲ್ಲರೂ ಮಾಡಿದಂತೆ. ಹತ್ತರ ಕೂಡ ಹನ್ನೊಂದು ಎಂದು ಸುಮ್ಮನೆ ಹೋದೆ ಎನ್ನುವವನಿಗೆ ಆ ಕಲಮು ಸುಮ್ಮನೆ ಬಿಡುವುದಿಲ್ಲ.

ಆ ದಿನ ಕೋರ್ಟಿನ ಹೊರಗೆ ಹೆಂಗಸರು ಎದೆ ಬಡಿದುಕೊಂಡು ಅತ್ತರು. ಹತ್ತು ವರ್ಷದ ಹಿಂದೆ ಪಡ್ಡೆ ಹುಡುಗರಾಗಿದ್ದವರು ಈಗ ಮಕ್ಕಳೊಂದಿಗರು. ದುಡಿಯುವವರು ಬಳ್ಳಾರಿ ಜೈಲಿನ ಗಾಡಿ ಹತ್ತಿದರೆ ಮನೆಯಲ್ಲಿ ಉಳಿಯುವವರು ಯಾರು? ಆ ಅಳು ನಟನೆಯಲ್ಲ. ಆದರೆ 2014ರ ಆ ಆಗಸ್ಟಿನಲ್ಲಿ ಆ ಮನೆಗಳ ಹೊಸ್ತಿಲಲ್ಲಿ ಒಬ್ಬಳು ಅವ್ವ ಕೈ ಅಡ್ಡ ಹಿಡಿದು ‘ಹೊರಗ ಹೋದಿ ಅಂದ್ರ ನನ್ನ ಹೆಣ ದಾಟಿ ಹೋಗು’ ಎಂದಿದ್ದರೆ ಆಕೆಯ ಮಗ ಈಗ ಹೊಲದಲ್ಲಿರುತ್ತಿದ್ದ. ಸುಮ್ಮನಿದ್ದುದರ ಬೆಲೆ ಕೇರಿಗಷ್ಟೇ ಬೀಳುವುದಿಲ್ಲ.

ತೀರ್ಪಿನಲ್ಲಿ ನ್ಯಾಯಾಧೀಶರು ಅಮೆರಿಕದ ಕಪ್ಪು ಜನಾಂಗದ ಗಾಯಕಿ ಮರಿಯನ್ ಆಂಡರ್ಸನ್ ಅವರ ಮಾತೊಂದನ್ನು ನೆನೆದರು. ಗಂಗಾವತಿ ತಾಲೂಕಿನ ಹಳ್ಳಿಗೂ ವಾಷಿಂಗ್ಟನ್ನಿಗೂ ಏನು ಸಂಬಂಧ ಎನ್ನಬೇಡಿ. 1939ರಲ್ಲಿ ಆ ತಾಯಿಗೆ ವಾಷಿಂಗ್ಟನ್ನಿನ ದೊಡ್ಡ ಸಭಾಗೃಹವೊಂದರಲ್ಲಿ ಹಾಡಲು ಜಾಗ ಕೊಡಲಿಲ್ಲ. ಕಾರಣ ಚರ್ಮದ ಬಣ್ಣ. ಆ ಸಭಾಗೃಹ ನಡೆಸುತ್ತಿದ್ದ ಶ್ರೀಮಂತ ಹೆಂಗಸರ ಸಂಘದಲ್ಲಿ ಅಧ್ಯಕ್ಷ ರೂಸ್‌ವೆಲ್ಟರ ಹೆಂಡತಿ ಎಲೀನರ್ ಕೂಡ ಸದಸ್ಯೆ. ಆಕೆ ರಾಜೀನಾಮೆ ಬಿಸಾಕಿ ಹೊರಬಂದಳು. ಏಪ್ರಿಲ್ 9ರಂದು ಮರಿಯನ್ ಲಿಂಕನ್ ಸ್ಮಾರಕದ ಮೆಟ್ಟಿಲ ಮೇಲೆ ನಿಂತು ಬಯಲಲ್ಲೇ ಹಾಡಿದರು. ಕೇಳಿದವರು ಸುಮಾರು 75 ಸಾವಿರ ಜನ. ಎಲೀನರ್ ಹಾಡಲಿಲ್ಲ, ಹೊಡೆಸಿಕೊಳ್ಳಲೂ ಇಲ್ಲ. ಕುರ್ಚಿಯಿಂದ ಎದ್ದಳು, ಅಷ್ಟೇ. ಅಷ್ಟಕ್ಕೇ ದೇಶ ತಿರುಗಿ ನೋಡಿತು.

ರಜಾಕಾರರ ಕಾಲದಲ್ಲಿ

ಇದು ದೂರದ ಕಥೆಯಾಯಿತು ಎನ್ನುವವರಿಗೆ ಹತ್ತಿರದ್ದೇ ಒಂದಿದೆ. ಈ ನಾಲ್ಕೂ ತಾಲೂಕುಗಳು ನಿಜಾಮನ ರಾಜ್ಯದಲ್ಲಿದ್ದವು. ಕೊಪ್ಪಳ, ಯಲಬುರ್ಗಾ ಸಾಲಾರಜಂಗನ ಜಾಗೀರು. 1947-48ರಲ್ಲಿ ರಜಾಕಾರರ ಹಾವಳಿಗೆ ಹೆದರಿ ಜನ ಗಂಟುಮೂಟೆ ಕಟ್ಟಿ ಗಡಿ ದಾಟಿದ್ದು, ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತ್ವದಲ್ಲಿ ಶಿಬಿರ ನಡೆದದ್ದು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ಈಗಲೂ ಇದ್ದಾರೆ. ಪ್ರತಿ ಸೆಪ್ಟೆಂಬರ್ 17ಕ್ಕೆ ಭಾಷಣಗಳೂ ಆಗುತ್ತವೆ.

ಆ ಭಾಷಣಗಳಲ್ಲಿ ಕೇಳಿಬರದ ಹೆಸರು ಶೋಯೆಬುಲ್ಲಾ ಖಾನ್. ಹೈದರಾಬಾದಿನಲ್ಲಿ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆಯ ಸಂಪಾದಕ. ಮೂವತ್ತೂ ಮುಟ್ಟದ ಹುಡುಗ. ರಜಾಕಾರರು ತುಳಿಯುತ್ತಿದ್ದದ್ದು ಅವನ ಜನರನ್ನಲ್ಲ. ಸುಮ್ಮನಿದ್ದರೆ ಅವನ ಕೂದಲೂ ಕೊಂಕುತ್ತಿರಲಿಲ್ಲ. ಆದರೂ ಬರೆದ. ಸಂಸ್ಥಾನ ಭಾರತಕ್ಕೆ ಸೇರಲಿ, ರಜಾಕಾರರ ದಂಡು ನಿಲ್ಲಲಿ ಎಂದ. 1948ರ ಆಗಸ್ಟಿನಲ್ಲಿ ಏಳು ಜನ ಮುಸ್ಲಿಂ ಗಣ್ಯರು ಸಹಿ ಹಾಕಿ ಇದೇ ಮಾತು ಹೇಳಿದ್ದರು. ಆಗಸ್ಟ್ 21ರ ರಾತ್ರಿ ಆಫೀಸಿನಿಂದ ಮನೆಗೆ ಹೋಗುತ್ತಿದ್ದ ಶೋಯೆಬುಲ್ಲಾನನ್ನು ಅಡ್ಡಗಟ್ಟಿ ಗುಂಡು ಹೊಡೆದರು, ಬರೆಯುವ ಕೈಯನ್ನೇ ಕಡಿದರು. 22ರ ನಸುಕಿನಲ್ಲಿ ಸತ್ತ. ಭಾರತದ ಸೈನ್ಯ ಹೈದರಾಬಾದಿಗೆ ಬಂದದ್ದು ಇನ್ನು ಮೂರು ವಾರ ಕಳೆದ ಮೇಲೆ.

ನಾಣ್ಯಕ್ಕೆ ಇನ್ನೊಂದು ಮುಖವೂ ಇದೆ. ಪೊಲೀಸ್ ಕಾರ್ಯಾಚರಣೆ ಆದ ಮೇಲೆ ರಜಾಕಾರರ ಪಾಪದ ಸೇಡನ್ನು ಹಳ್ಳಿಗಳ ಬಡ ಮುಸ್ಲಿಮರ ಮೇಲೆ ತೀರಿಸಿಕೊಂಡರು. ನೆಹರೂ ಸರಕಾರ ಪಂಡಿತ ಸುಂದರಲಾಲ್ ಅವರ ಸಮಿತಿ ಕಳಿಸಿತು. ಕಲಬುರ್ಗಿ, ಬೀದರ್, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲೇ ಹಾನಿ ಹೆಚ್ಚು, ಒಟ್ಟು ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಸಮಿತಿ ಅಂದಾಜು ಮಾಡಿತು. ವರದಿ ದಶಕಗಟ್ಟಲೆ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡು ಕೂತಿತು. ಆ ವರದಿಯಲ್ಲಿ ಒಂದು ಮಾತಿದೆ. ಕೆಲವು ಕಡೆ ಹಿಂದೂ ನೇಕಾರರು ತಮ್ಮ ಜತೆ ಮಗ್ಗ ಹೂಡುವ ಮುಸ್ಲಿಂ ನೇಕಾರರಿಗೆ ಅಡ್ಡ ನಿಂತು ಕಾಪಾಡಿದರಂತೆ. ಅದಕ್ಕಾಗಿ ಪ್ರಾಣ ಕೊಟ್ಟವರೂ ಇದ್ದರಂತೆ. ಅವರಿಗೆ ಗಾಂಧಿ ಗೊತ್ತಿದ್ದರೋ ಇಲ್ಲವೋ, ಪಕ್ಕದ ಮಗ್ಗದ ಲಾಳಿಯ ಸಪ್ಪಳ ಗೊತ್ತಿತ್ತು.

ಮಿಯಾಪುರದ ಮಗು

ಮತ್ತೆ ನಮ್ಮ ಜಿಲ್ಲೆಗೇ ಬರೋಣ. 2021ರ ಸೆಪ್ಟೆಂಬರ್ 4ರಂದು ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ಚೆನ್ನದಾಸರ ಸಮಾಜದ ಪುಟ್ಟ ಮಗುವಿನ ಹುಟ್ಟುಹಬ್ಬ. ಅಪ್ಪ ಮಗುವನ್ನು ಕರೆದುಕೊಂಡು ಹನುಮಪ್ಪನ ಗುಡಿಯ ಹೊರಗೆ ನಿಂತು ಕೈಮುಗಿಯುತ್ತಿದ್ದ. ಮಳೆ ಬಂತು. ಮಗು ಗುಡಿಯೊಳಕ್ಕೆ ಓಡಿತು. ಮಗುವಿಗೇನು ಗೊತ್ತು, ಮಳೆಗೆ ಜಾತಿಯಿಲ್ಲ, ಮಾಳಿಗೆಗೆ ಇದೆ ಎಂದು! ಗುಡಿ ಶುದ್ಧಿಗೆ 25 ಸಾವಿರ ರೂಪಾಯಿ ಕೊಡಬೇಕೆಂದು ಊರ ಕೆಲವರು ಕೂತು ತೀರ್ಮಾನಿಸಿದರು.

ದಂಡ ಹಾಕಿದವರ ಹೆಸರು ಹೇಳಿ ದೂರು ಕೊಡಲು ಆ ತಂದೆ ಮುಂದೆ ಬರಲಿಲ್ಲ. ಊರಲ್ಲಿ ಬಾಳಬೇಕಲ್ಲ. ಹಾಗೆಂದು ಆತನನ್ನು ಹೇಡಿ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಸಮಾಜದವರು ಕೂಗು ಹಾಕಿದರು, ಸುದ್ದಿ ಕುಷ್ಟಗಿಗೆ ಮುಟ್ಟಿತು, ಪೊಲೀಸರೇ ಸ್ವಂತವಾಗಿ ಕೇಸು ಹಾಕಿ ಐವರನ್ನು ಹಿಡಿದರು. ಅಧಿಕಾರಿಗಳು ಊರಿಗೆ ಹೋಗಿ ಸಭೆ ಮಾಡಿದರು.

ಇಲ್ಲಿ ಓದುಗರು ತಿಳಿದಿರಬೇಕಾದ್ದೊಂದಿದೆ. ಇಂಥ ಕೇಸಿಗೆ ಹೊಡೆಸಿಕೊಂಡವನೇ ಠಾಣೆಗೆ ಹೋಗಬೇಕೆಂಬ ಕಾನೂನಿಲ್ಲ. ಕಂಡವರು ಯಾರು ಬೇಕಾದರೂ ಹೇಳಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಯಾವ ಠಾಣೆಗೆ ಹೋದರೂ ದೂರು ಬರೆದುಕೊಳ್ಳಲೇಬೇಕು, ‘ನಮ್ಮ ಹದ್ದಿಗೆ ಬರೂದಿಲ್ಲ’ ಎನ್ನುವಂತಿಲ್ಲ. ದೌರ್ಜನ್ಯ ತಡೆ ಕಾಯ್ದೆಯಡಿ ಕರ್ತವ್ಯ ಮರೆತ ನೌಕರನ ಮೇಲೂ ಕೇಸು ಹಾಕಬಹುದು. ಡಿ.ಸಿ.ಯವರ ಅಧ್ಯಕ್ಷತೆಯ ಜಾಗೃತಿ ಸಮಿತಿ ಮೂರು ತಿಂಗಳಿಗೊಮ್ಮೆ ಕೂಡಬೇಕು. 2018ರಲ್ಲಿ ಸುಪ್ರೀಂ ಕೋರ್ಟು ಸಾಕ್ಷಿಗಳ ರಕ್ಷಣೆಗೆಂದೇ ಯೋಜನೆಗೆ ಒಪ್ಪಿಗೆ ಕೊಟ್ಟು, ಇದೇ ಕಾನೂನು ಎಂದಿದೆ. ಕಾಗದದ ಮೇಲೆ ಏನೂ ಕಮ್ಮಿಯಿಲ್ಲ.

ಕಾಗದ ಹಾಗಿದ್ದರೂ ಬಾಯಿ ಬಿಡುವವನಿಗೆ ಭಯ ಇಲ್ಲವೆಂದು ಹೇಳುವುದು ಸುಳ್ಳಾದೀತು. ಕನಕಾಪುರದ ಒಬ್ಬ ಹುಡುಗ ತನ್ನೂರಿಗೆ ನೆಟ್ಟಗೆ ರಸ್ತೆ ಇಲ್ಲ, ಸೌಕರ್ಯ ಇಲ್ಲ ಎಂದು ಟಿ.ವಿ.ಯವರ ಮುಂದೆ ಹೇಳಿದ. 2015ರ ಜನವರಿಯಲ್ಲಿ ಅವನ ಹೆಣ ಕೊಪ್ಪಳದ ರೈಲು ಹಳಿಯ ಮೇಲೆ ಸಿಕ್ಕಿತು. ಕೊಲೆ ಕೇಸಾಯಿತು, ರಾಜ್ಯವೇ ಮಾತಾಡಿತು. 2024ರ ಅಕ್ಟೋಬರಿನಲ್ಲಿ, ಮರಕುಂಬಿಯ ತೀರ್ಪಿಗೆ ಮೂರು ವಾರ ಮುಂಚೆ, ಇದೇ ಕೊಪ್ಪಳದ ಕೋರ್ಟಿನಲ್ಲಿ ಆ ಕೇಸಿನ ಆರೋಪಿಗಳೆಲ್ಲ ಖುಲಾಸೆಯಾದರು. ಕೋರ್ಟಿಗೆ ಬೇಕಾದ್ದು ಪುರಾವೆ. ಪುರಾವೆ ಬರುವುದು ಮಂದಿಯ ಬಾಯಿಂದ.

ಅದಕ್ಕೇ ಒಬ್ಬನೇ ಮಾತಾಡಿದರೆ ಸಾಲದು. ಒಬ್ಬನಾದರೆ ಹಳಿ ಮೇಲೆ ಸಿಗುತ್ತಾನೆ. ಊರು ಮಾತಾಡಿದರೆ ಊರನ್ನು ಯಾವ ಹಳಿ ಮೇಲೆ ಮಲಗಿಸುತ್ತಾರೆ? ಮರಕುಂಬಿಯಲ್ಲಿ ಮುಂದಾಳು ಹೋದ ಮೇಲೂ ಕೇಸು ನಿಂತದ್ದು ಹತ್ತಾರು ಬಾಯಿಗಳು ಒಂದೇ ಮಾತಿಗೆ ನಿಂತದ್ದರಿಂದ. ಆದರೆ ಆ ಬಾಯಿಗಳೆಲ್ಲ ಹೆಚ್ಚೂ ಕಮ್ಮಿ ಕೇರಿಯವೇ. ಹೊಡೆಸಿಕೊಂಡವರೇ ಸಾಕ್ಷಿ ಹೇಳಬೇಕು, ಹೊಡೆಸಿಕೊಂಡವರೇ ಪಾದಯಾತ್ರೆ ಹೋಗಬೇಕು, ಹೊಡೆಸಿಕೊಂಡವರೇ ಹೆಣ ಹೊರಬೇಕು. ಮೇಲಿನ ಓಣಿಯವರು ಕಟ್ಟೆ ಮೇಲೆ ಕೂತು ‘ಪಾಪ’ ಎನ್ನಬೇಕು. ಇದು ಯಾವ ಸೀಮೆಯ ನ್ಯಾಯ?

2024ರ ನವೆಂಬರ್ 13ರಂದು ಹೈಕೋರ್ಟಿನ ಧಾರವಾಡ ಪೀಠ ಶಿಕ್ಷೆಯಾದವರಲ್ಲಿ ಬಹುತೇಕ ಎಲ್ಲರಿಗೂ ಜಾಮೀನು ಕೊಟ್ಟಿತು. ಮೇಲ್ಮನವಿ ಹಾಕಿದವರಿಗೆ ಅದು ಕಾನೂನು ಕೊಟ್ಟ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ತೀರ್ಪಾಗಿ ಮೂರು ವಾರಕ್ಕೆ ಬಳ್ಳಾರಿಯಿಂದ ಹೊರಟವರು ಅದೇ ಓಣಿಗಳಿಗೆ ಮರಳಿದರು. ಆ ಓಣಿಗಳಲ್ಲೇ ಅವರ ಮೇಲೆ ಬೊಟ್ಟು ಮಾಡಿದವರೂ ಇದ್ದಾರೆ. ಇಬ್ಬರ ನಡುವೆ ಇರುವುದು ನಾಲ್ಕು ಹೆಜ್ಜೆ ದಾರಿ. ಆ ದಾರಿಯಲ್ಲಿ ಬೆಳಿಗ್ಗೆ ಹಾಲಿಗೆ ಹೋಗಬೇಕು, ಮಕ್ಕಳು ಸಾಲಿಗೆ ಹೋಗಬೇಕು, ಕೂಲಿಗೆ ಅವರದೇ ಗದ್ದೆಗೆ ಹೋಗಬೇಕು. ತಲೆಗೂದಲು ಬೆಳೆದಾಗ ಅಂಗಡಿಯ ಬಾಗಿಲಿಗೂ ಹೋಗಬೇಕು. ಬೆಂಚಿನ ಮೇಲೆ ಇಬ್ಬರು ಪೇಪರು ಓದುತ್ತ ಕೂತಿರುತ್ತಾರೆ, ಕುರ್ಚಿ ಮೇಲೆ ಒಬ್ಬ.